ಹೆಣ ಸಿಗುವ ಜಾಗ ಗೊತ್ತಿದ್ದವನು

ಇವಳು ಡಿಗ್ರಿ ಮಾಡುವ ಮಾತೇ ಇಲ್ಲ ಎಂದು ಮೊದಲು ಹೇಳಿದವರು ಹೈಸ್ಕೂಲಿನ ವಿಜ್ಞಾನದ ಮಾಷ್ಟ್ರು. ಪಾಠದ ನಡುವೆ ನನ್ನ ಮಡಿಲಲ್ಲಿದ್ದ ಪತ್ತೇದಾರಿ ಕಾದಂಬರಿಯನ್ನು ಎಳೆದುಕೊಂಡು ಇಡೀ ತರಗತಿಗೆ ತೋರಿಸಿದರು. "ಕೋಡಿ ಹೆಣ್ಣ್, ಓದುದ್ ಕೊಲೆ ಕಥೆ. ಹತ್ತನೇದ್ ಪಾಸಾದ್ರೇ ಹೆಚ್ಚ್. ಡಿಗ್ರಿ ಎಲ್ಲಿಂದ?" ಅವರ ಮಾತು ಸುಳ್ಳಾಯಿತು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಆ ಪುಸ್ತಕಗಳ ಬಗ್ಗೆ ಅವರಿಗಿದ್ದ ಭಯ ಪೂರ್ತಿ ಸುಳ್ಳಾಗಿರಲಿಲ್ಲ.

ಕಡಲು ಎದ್ದ ಮಳೆಗಾಲದ ತಿಂಗಳುಗಳಲ್ಲಿ ನಮ್ಮ ಮೀನುಗಾರರ ಊರು ಕೋಡಿಯಲ್ಲಿ ದೋಣಿ ಇಳಿಯುತ್ತಿರಲಿಲ್ಲ. ಅಪ್ಪಯ್ಯನೂ ಅವನ ತಮ್ಮ ಚಿಕ್ಕಪ್ಪನೂ ಜಗಲಿಯಲ್ಲಿ ಕೂತು ಹರಿದ ಬಲೆ ಸರಿಮಾಡುತ್ತಿದ್ದರು. ಅಮ್ಮ ಒಣಮೀನು ಆರಿಸುತ್ತಿದ್ದಳು. ಮೂವರಿಗೂ ಓದಲು ಬಾರದು. ಕುಂದಾಪುರದ ಅಂಗಡಿಯಿಂದ ಬಾಡಿಗೆಗೆ ತಂದ ಕಾದಂಬರಿಗಳನ್ನು ನಾನು ಗಟ್ಟಿಯಾಗಿ ಓದಬೇಕು. ಅರ್ಧಕ್ಕೆ ಬರುವ ಮೊದಲೇ ಚಿಕ್ಕಪ್ಪ ಕೊಲೆಗಾರನನ್ನು ಹಿಡಿದಿರುತ್ತಿದ್ದ.

"ಡಾಕ್ಟ್ರೇ ಕೊಂದದ್ದ್. ಬೇಕಾರೆ ಕೊನೆ ಹಾಳಿ ಕಾಣ್."

"ಹೋದ್ ಸಲವೂ ಡಾಕ್ಟ್ರನ್ನೇ ಹಿಡ್ದೆ," ಎಂದು ಅಪ್ಪಯ್ಯ ನಗುತ್ತಿದ್ದ. "ಪಾಪ, ಅವ್ರ್ ನಿಂಗೆ ಎಂತ ಮಾಡಿರ್ ಮಾರಾಯ?"

"ಸೂಜಿ ಚುಚ್ಚಲಿಲ್ಯಾ!"

ಹಾಗೆ ಓದಿದ ಒಂದು ಕಾದಂಬರಿಯಲ್ಲಿ ಪತ್ತೇದಾರ ಒಂದೇ ಮಾತಿನಿಂದ ಅಪರಾಧಿಯನ್ನು ಹಿಡಿಯುತ್ತಾನೆ. ಹೆಣ ಎಲ್ಲಿದೆ ಎಂಬುದು ಕೊಂದವನಿಗೆ ಮಾತ್ರ ಗೊತ್ತಿರುತ್ತದೆ ಎಂಬ ಮಾತು. ಆ ಸಾಲಿಗೆ ಅಮ್ಮ ಕೈಯಲ್ಲಿದ್ದ ಮೀನು ಕೆಳಗಿಟ್ಟು "ಹೌದಲೆ" ಅಂದದ್ದು ನನಗೆ ನೆನಪಿದೆ.

೧೯೯೭ರ ಮಳೆಗಾಲ ಮುಗಿಯುವ ಹೊತ್ತಿಗೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ನಮ್ಮ ದೋಣಿ ಮಗುಚಿತು. ಚಿಕ್ಕಪ್ಪ ಈಜಿ ದಡ ಹತ್ತಿದ. ಅಪ್ಪಯ್ಯ ಬರಲಿಲ್ಲ. ಕಡಲಲ್ಲಿ ಹೋದವನು ಸಿಗುವ ತನಕ ನಮ್ಮಲ್ಲಿ ಯಾರೂ ಮೀನಿಗೆ ಹೋಗುವುದಿಲ್ಲ. ದೋಣಿಗಳೆಲ್ಲ ಹುಡುಕಲು ಇಳಿಯುತ್ತವೆ. ಎರಡು ದಿನ ಅಳಿವೆಯ ಸುತ್ತಲೇ ಹುಡುಕಿದರು. ಎರಡನೆಯ ದಿನ ಸಂಜೆ ಚಿಕ್ಕಪ್ಪ ಒದ್ದೆ ಬಟ್ಟೆಯಲ್ಲೇ ಅಂಗಳಕ್ಕೆ ಬಂದ.

"ಅತ್ಗೆ, ಇಲ್ಲ್ ಹುಡ್ಕಿ ಪ್ರಯೋಜನ ಇಲ್ಲ. ನಾಳೆ ಬೆಳಿಗ್ಗೆ ತೆಕ್ಕಟ್ಟೆ ನೇರಕ್ಕೆ ಅಣ್ಣ ದಡಕ್ಕೆ ಬತ್ತ."

ಮರುದಿನ ಬೆಳಿಗ್ಗೆ ಅಪ್ಪಯ್ಯ ಅಲ್ಲೇ, ನಮ್ಮಿಂದ ಎರಡು ಊರಿನಾಚೆ, ಸಿಕ್ಕಿದ.

ಅಂಗಳದಲ್ಲಿ ಹೆಣ ಮಲಗಿಸಿದ್ದರು. ನಾನು ಅಮ್ಮನ ಪಕ್ಕ ಕೂತು ಅವಳಿಗೆ ಮಾತ್ರ ಕೇಳುವ ಹಾಗೆ, "ಚಿಕ್ಕಪ್ಪಂಗೆ ಜಾಗ ಹ್ಯಾಂಗ್ ಗೊತ್ತಾಯ್ತ್?" ಅಂದೆ. ಅಷ್ಟೇ ಅಂದದ್ದು. ನನಗಾಗ ಹದಿನಾಲ್ಕು ವರ್ಷ.

ಅಮ್ಮನ ತವರು ಹಟ್ಟಿಯಂಗಡಿಯ ಹೊಳೆ ಬದಿ. ಅವಳು ಕಂಡ ಹಾಗೆ, ನಿಂತ ನೀರಿನಂಥ ಆ ಹೊಳೆಯಲ್ಲಿ ಮುಳುಗಿದವರು ಮುಳುಗಿದ ಜಾಗದ ಹತ್ತಿರವೇ ಏಳುತ್ತಿದ್ದರು. ಎರಡು ಊರಿನಾಚೆ ಏಳುವ ಹೆಣವನ್ನು ಅವಳು ಕಂಡಿರಲಿಲ್ಲ. ಜಾಗ ಕೊಂದವನಿಗೇ ಗೊತ್ತು ಎಂದು ಪುಸ್ತಕ ಹೇಳಿತ್ತು, ಓದುವ ಮಗಳೂ ಅದನ್ನೇ ಕೇಳಿದಳು. ಪೊಲೀಸರು ಬಂದು ದೋಣಿ ಮಗುಚಿ ಸತ್ತದ್ದೆಂದು ಬರೆದುಕೊಂಡು ಹೋದರು. ಅಮ್ಮ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಗಂಡುಮಕ್ಕಳಿಲ್ಲದ ಅಪ್ಪಯ್ಯನಿಗೆ ಬೆಂಕಿ ಇಡಬೇಕಾದವನು ತಮ್ಮ. ಅವನು ಮಿಂದು ಬಂದು ನಿಂತಾಗ ಅಮ್ಮ ಅಡ್ಡ ನಿಂತಳು.

"ನೀನ್ ಬೆಂಕಿ ಇಡುಕಾಗ. ದೂರ ನಿಲ್ಲ್. ಜಾಗ ಗೊತ್ತಿದ್ದವ ನೀನೊಬ್ನೇ."

ಚಿಕ್ಕಪ್ಪ ಅವಳನ್ನು ನೋಡಿದ, ಆಮೇಲೆ ನನ್ನನ್ನು. "ಪುಸ್ತಕದ್ ಮಾತಾ ಅತ್ಗೆ?" ಅಂದ. ದೂರದ ಸಂಬಂಧಿಯೊಬ್ಬ ಬೆಂಕಿ ಇಟ್ಟ. ಆ ವಾರವೇ ಚಿಕ್ಕಪ್ಪ ಬೈಂದೂರಿನ ಕಡೆ ಯಾರದೋ ದೋಣಿಗೆ ಆಳಾಗಿ ಹೋದ. ಕೊಲೆಗಾರನೆಂಬ ಹೆಸರು ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ಅಮ್ಮ ಮೀನು ಬುಟ್ಟಿ ಹೊತ್ತು ಮನೆ ಮನೆ ತಿರುಗಿ ನನ್ನನ್ನು ಓದಿಸಿದಳು. ಬೆಳಿಗ್ಗೆ ಅವಳ ಜೊತೆ ಮೀನು ವಿಂಗಡಿಸಿ ನಾನು ಕಾಲೇಜಿಗೆ ಓಡುತ್ತಿದ್ದೆ. ಮೀನಿನ ವಾಸನೆಗೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇರುತ್ತಿತ್ತು.

ಬಿ.ಎಸ್ಸಿ. ಎರಡನೆಯ ವರ್ಷ ಲ್ಯಾಬಿನಲ್ಲಿ ಕ್ಲೋರೋಫಾರ್ಮಿನ ಬಾಟಲಿ ಕಂಡು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕರವಸ್ತ್ರಕ್ಕೆ ನಾಲ್ಕು ಹನಿ ಹಾಕಿ ಮೂಗಿಗೆ ಹಿಡಿದರೆ ಮನುಷ್ಯ ಅಲ್ಲೇ ಬೀಳುವುದನ್ನು ನಾನು ಎಷ್ಟು ಸಲ ಓದಿಲ್ಲ! ರಸಾಯನಶಾಸ್ತ್ರದ ಮೇಡಂ ನಕ್ಕುಬಿಟ್ಟರು. "ಅಷ್ಟು ಬೇಗ ಯಾರೂ ಬೀಳೂದಿಲ್ಲ ಮಾರಾಯ್ತಿ. ನಿಮಿಷಗಟ್ಟಲೆ ಹಿಡೀಬೇಕು. ಅಷ್ಟು ಹೊತ್ತು ಅವನು ಸುಮ್ಮನೆ ನಿಂತಿರ್ತಾನಾ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಂದೇ ಒಂದು ನೋಟುಪುಸ್ತಕ ತೆಗೆದು, ಓದಿದ ಕಾದಂಬರಿಗಳಲ್ಲಿ ಯಾವುದು ನಿಜ ಯಾವುದು ಕಟ್ಟುಕಥೆ ಎಂದು ಬರೆಯತೊಡಗಿದೆ. ನಾಲಿಗೆಗೆ ತಾಗಿದ ಕ್ಷಣವೇ ಕೊಲ್ಲುವ ವಿಷ, ತಲೆಗೆ ಪೆಟ್ಟು ಬಿದ್ದು ಗಂಟೆಗಟ್ಟಲೆ ಮಲಗಿದ್ದವನು ಎದ್ದು ಕಳ್ಳರನ್ನು ಅಟ್ಟಿಸಿಕೊಂಡು ಹೋಗುವುದು. ಮೇಡಮ್ಮನ್ನೋ ಆಸ್ಪತ್ರೆಯ ಕಾಂಪೌಂಡರನ್ನೋ ಕೇಳಿ ಒಂದೊಂದನ್ನೇ ಹೊಡೆದುಹಾಕಿದೆ. ಹೆಣದ ಜಾಗದ ಸಾಲನ್ನು ಮಾತ್ರ ಬರೆದೇ ಇರಲಿಲ್ಲ. ಅದನ್ನು ಬರೆಯಲು ತಿಂಗಳುಗಳೇ ಹಿಡಿದವು. ಬರೆದ ಮೇಲೆ ಕಾಲೇಜಿನಲ್ಲಿ ಕೇಳುವಂತಿರಲಿಲ್ಲ. ಅಪ್ಪಯ್ಯನನ್ನು ಹುಡುಕಲು ಹೋಗಿದ್ದ ಕೋಡಿಯ ಮುದುಕರೊಬ್ಬರ ಹತ್ತಿರ ಹೋದೆ.

"ಆ ಸಮಯದಲ್ಲ್ ನೀರ್ ತೆಂಕಕ್ಕೆ ಎಳೀತ್ತ್," ಎಂದು ಅವರು ಕೈಯನ್ನು ದಕ್ಷಿಣಕ್ಕೆ ತೋರಿಸಿದರು. "ಅಳಿವೆಲಿ ಬಿದ್ದದ್ದ್ ಮೂರನೇ ದಿನಕ್ಕೆ ಎಲ್ಲಿಗ್ ಬತ್ತ್ ಅಂತ ಲೆಕ್ಕ ಹಾಕುಕೆ ಎಂತ ಇತ್ತ್? ಅಂವ ಹೇಳದೇ ಇದ್ರೆ ನಾನೇ ಹೇಳ್ತಿದ್ದೆ."

"ಹಾಂಗಾರೆ ಅಮ್ಮನತ್ರ ಆಗ್ಳೇ ಎಂತಕ್ಕೆ ಹೇಳಲಿಲ್ಲ ಅಜ್ಜ?"

"ಓದುವ ಹೆಣ್ಣೇ ಹೇಳಿತ್ ಅಂತ ನಿನ್ನಮ್ಮನೇ ಅಂದ್ಳ್. ನಾವ್ ಹೆಬ್ಬೆಟ್ಟಿನವ್ರ್. ಪುಸ್ತಕದಲ್ಲ್ ಇದ್ದದ್ದನ್ನ ಇಲ್ಲ ಅಂಬುಕೆ ನಮಗ್ ಧೈರ್ಯ ಬರಲಿಲ್ಲ."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಬುಟ್ಟಿ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಇಷ್ಟ್ ವರ್ಷದ್ ಮೇಲೆ ನಾನ್ ಯಾವ ಮುಖ ಇಟ್ಕಂಡ್ ಹೋಪ್ದ್? ನೀನ್ ಹೋಗ್," ಅಂದಳು. ನನಗೂ ಬರಿಗೈಯಲ್ಲಿ ಹೋಗಲು ಕಾಲು ಬರಲಿಲ್ಲ. ಡಿಗ್ರಿ ಮುಗಿಯುವ ತನಕ ಕಾದೆ. ಆ ಕಾಯುವಿಕೆಯೂ ತಪ್ಪೇ ಎಂದು ಈಗ ಅನ್ನಿಸುತ್ತದೆ.

ಸರ್ಟಿಫಿಕೇಟು ಕೈಗೆ ಬಂದ ಮರುದಿನ ಬೈಂದೂರಿನ ಬಸ್ಸು ಹತ್ತಿದೆ. ಚಿಕ್ಕಪ್ಪ ಮದುವೆಯಾಗಿರಲಿಲ್ಲ, ಯಾರೂ ಹೆಣ್ಣು ಕೊಟ್ಟಿರಲಿಲ್ಲ. ದೋಣಿಯ ನೆರಳಿನಲ್ಲಿ ಒಬ್ಬನೇ ಕೂತಿದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದ, ಏಳದೆ ಪಕ್ಕದ ಹಲಗೆ ತೋರಿಸಿದ. ಎಲ್ಲ ಹೇಳಿದೆ, ಮೊದಲು ಕೇಳಿದವಳು ನಾನೇ ಎಂಬುದನ್ನೂ. ಹೇಳಿ ಸರ್ಟಿಫಿಕೇಟನ್ನು ಅವನ ಕೈಗೆ ಕೊಟ್ಟೆ. ಲುಂಗಿಗೆ ಕೈ ಒರೆಸಿಕೊಂಡು, ಅಂಚಿನಲ್ಲಿ ಮಾತ್ರ ಹಿಡಿದು, ತುಂಬ ಹೊತ್ತು ನೋಡಿದ.

"ಒಳ್ಳೇದಾಯ್ತ್ ಮಗಾ, ಅಣ್ಣ ಇದ್ರೆ ಊರಿಗೆಲ್ಲ ತೋರಿಸ್ತಿದ್ದ," ಅಂದ. "ನಿನ್ನ ಮೇಲೆ ನಂಗೆ ಸಿಟ್ಟಿಲ್ಲ, ನೀನಾಗ ಸಣ್ಣವ್ಳ್. ಆದ್ರೆ ಅಣ್ಣಂಗೆ ಬೇರೆಯವ ಬೆಂಕಿ ಇಟ್ಟ. ಅದ್ಕೆ ನಾನ್ ಎಂತ ಮಾಡ್ಲಿ, ಹೇಳ್?"