ಬಸಗೊಂಡಪ್ಪನ ಸೂಟಿ ಕಚೇರಿ

ತಿಕೋಟಾದ ಬಸಗೊಂಡಪ್ಪನಿಗೆ ವರ್ಷವಿಡೀ ಹೊಲದ ಕೆಲಸವಾದರೆ, ಬೇಸಿಗೆ ಸೂಟಿಯ ನಡುಮಧ್ಯಾಹ್ನ ಮಾತ್ರ ಕಚೇರಿಯ ಕೆಲಸ. ಬೇವಿನ ಗಿಡದ ನೆರಳೇ ಕಚೇರಿ, ಓಣಿಯ ಮಕ್ಕಳೇ ಅಧಿಕಾರಿಗಳು, ಖರ್ಚು ಒಂದು ನಯಾ ಪೈಸೆಯೂ ಇಲ್ಲ. ಜೋಳದ ದಂಟು ಸೀಳಿ, ಸಿಬಿರು ಬಗ್ಗಿಸಿ, ದಂಟಿನೊಳಗಿನ ಬೆಂಡಿಗೆ ಚುಚ್ಚಿ ಎಲ್ಲರಿಗೂ ಗಾಜಿಲ್ಲದ ಚಸ್ಮಾ ಮಾಡಿಕೊಡುತ್ತಿದ್ದ. ಚಸ್ಮಾ ಮೂಗಿಗೇರಿತೆಂದರೆ ಹುದ್ದೆ ಸಿಕ್ಕಂತೆ. ಯಾರಾದರೂ ಬಿಸಿಲಿಗೆ ಓಡಿದರೆ, "ಏ ಮಾಮಲೇದಾರ್ರ, ಚಸ್ಮಾ ಹಾಕ್ಕೊಂಡವರು ಓಡ್ತಾರೇನ್ರಿ? ಕುಂದರ್ರಿ, ಅರ್ಜಿ ಬಂದಾವ!" ಎಂದು ಗದರುತ್ತಿದ್ದ. ಅರ್ಜಿಗಳೂ ಅವನವೇ: ತನ್ನ ಗೂಡಿನಲ್ಲಿ ಮೊಟ್ಟೆಯಿಟ್ಟ ಕೋಗಿಲೆಯ ಮೇಲೆ ಕಾಗೆಯ ಫಿರ್ಯಾದಿ, ಇಂಥವು. ಹೆಂಡತಿ ಗೌರಾಬಾಯಿ ಬಾಗಿಲಲ್ಲಿ ನಿಂತು, "ದನದ ಮೇವೆಲ್ಲಾ ಹುಡುಗೂರ ಮೂಗಿನ ಮ್ಯಾಲ ಏರೈತಿ. ಎತ್ತು ಏನ್ ತಿನ್ನಬೇಕ್ರಿ?" ಎಂದರೆ, "ಅದೂ ಅರ್ಜಿ ಕೊಡ್ಲಿ ಬೇ, ನೋಡೂಣು," ಎನ್ನುತ್ತಿದ್ದ. ಹೊತ್ತಿಳಿದು ತಾಯಂದಿರು ಕರೆಯುವವರೆಗೆ ಒಬ್ಬರಿಗೂ ಏಳಲು ಅಪ್ಪಣೆಯಿಲ್ಲ. ಇವನಿಗಿನ್ನೂ ಆಟದ ಹುಚ್ಚು ಬಿಟ್ಟಿಲ್ಲವೆಂದು ಗೆಳೆಯರು ನಗುತ್ತಿದ್ದರು. ಒಮ್ಮೆ ಸೂಟಿಗೆ ಬಂದ ಹುಡುಗನೊಬ್ಬ, "ಕಾಕಾ, ಬಾವಿಗೆ ಈಜಾಕ ಹೋಗೂಣು?" ಎಂದಾಗ ದಂಟು ಸೀಳುತ್ತಿದ್ದ ಬಸಗೊಂಡಪ್ಪನ ಕುಡುಗೋಲು ನಿಂತಿತು. "ಬ್ಯಾಡ ಯಪ್ಪಾ, ಇವತ್ತ ಕಲೆಕ್ಟರ್ ಸಾಹೇಬ ನೀನ," ಎಂದು ತಾನೇ ಎದ್ದು ತನ್ನ ಜಾಗ ಬಿಟ್ಟುಕೊಟ್ಟ. ಈ ಮಾಗಿಯಲ್ಲಿ ಅವನು ತೀರಿಕೊಂಡ ಮೇಲೆಯೇ ಗೌರಾಬಾಯಿ ಗೆಳೆಯರೆದುರು ಬಾಯಿಬಿಟ್ಟಳು. ಹರೆಯದಲ್ಲಿ ಬಬಲೇಶ್ವರದಲ್ಲಿದ್ದ ಕಾಲಕ್ಕೆ, ಅಂಥದೇ ಒಂದು ಮಧ್ಯಾಹ್ನ, ಆಡೋಣ ಬಾ ಎಂದು ಧೋತರ ಜಗ್ಗಿದ ಏಳು ವರ್ಷದ ತಮ್ಮನಿಗೆ ಬಸಗೊಂಡಪ್ಪ, "ಕೆಲಸ ಐತಿ, ಅತ್ತಾಗ ಹೋಗಿ ಆಡಲೇ," ಎಂದಿದ್ದನಂತೆ. ಹುಡುಗ ಬಾವಿಯ ಕಡೆಗೆ ಹೋಗಿದ್ದ.