ಬೇಲಿಯ ನಟ್ಟು ಯಾವ ಕಡೆ ಇರಬೇಕು?

ಬೆಳಿಗ್ಗೆ ಹಾಲು ತರಲು ಹೋದವಳು ನೋಡುತ್ತೇನೆ, ನಮ್ಮ ಮಾವನವರು ರೈಲ್ವೆ ಬೇಲಿಯ ಆಚೆ, ಹಳಿಯ ಪಕ್ಕದಲ್ಲಿ ನಿಂತಿದ್ದಾರೆ!

ಕೂಗಿದೆ, ತಿರುಗಿ ನೋಡಲಿಲ್ಲ.

ನಮ್ಮ ಮನೆ ಕೆಂಗೇರಿಯಲ್ಲಿ, ಹಳಿಯಿಂದ ಎರಡೇ ರಸ್ತೆ ಈಚೆ. ಮಾವ ಇದೇ ಹಳಿಯಲ್ಲಿ ಮೂವತ್ತು ವರ್ಷ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದವರು. ಈಗ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯ ಹತ್ತಿರ ನಿಂತು ಕೂಗಬೇಕು. ಈಗಿನ ಕರೆಂಟ್ ರೈಲುಗಳೋ, ಸದ್ದೇ ಇಲ್ಲದೆ ಬಂದುಬಿಡುತ್ತವೆ.

ಸ್ವಲ್ಪ ಹೊತ್ತಿಗೆ ಈಚೆ ಬಂದರು. ಬಿಚ್ಚಿಟ್ಟಿದ್ದ ಬೇಲಿಯ ತುಂಡನ್ನು ವಾಪಸ್ ನಿಲ್ಲಿಸಿ, ಜೇಬಿನಿಂದ ಸ್ಪ್ಯಾನರ್ ತೆಗೆದು, ನಾಲ್ಕೂ ನಟ್ಟು ಬಿಗಿ ಮಾಡಿ, ಪಂಚೆಗೆ ಕೈ ಒರೆಸಿಕೊಂಡು ಹೊರಟರು. ಅಂದರೆ ಇದು ದಿನಾ ನಡೆಯುತ್ತಿತ್ತು...

ಕೇಳಿದ್ದಕ್ಕೆ, "ಹಳಿ ನೋಡ್ಕೊಂಡ್ ಬಂದೆ ಅಷ್ಟೇ ಕಣಮ್ಮ" ಅಂದರು. ನನ್ನ ಗಂಡ ಬೈದರೆ ಕೇಳಿಸಲೇ ಇಲ್ಲ. ಕಿವಿ ಕೇಳಿಸದಿರುವುದು ಅವರಿಗೆ ಒಮ್ಮೊಮ್ಮೆ ಬಹಳ ಅನುಕೂಲ.

ಕೊನೆಗೆ ನಾನೇ ಮನೆಯಲ್ಲಿ ಯಾರಿಗೂ ಹೇಳದೆ ರೈಲ್ವೆಯವರಿಗೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟೆ. ಬೇಲಿ ಭದ್ರವಾಗಿಲ್ಲ, ಜನ ಹಳಿಗೆ ಹೋಗುತ್ತಿದ್ದಾರೆ, ಸರಿ ಮಾಡಿ ಅಂತ. ಹೋಗುವವರು ಯಾರು ಅಂತ ಮಾತ್ರ ಬಾಯಿ ಬಿಡಲಿಲ್ಲ.

ಕೆಲವು ದಿನಕ್ಕೆ ಮಾವ ಅಡುಗೆಮನೆ ಬಾಗಿಲಿಗೆ ಬಂದು, "ಬೇಲಿ ಹೊಸದಾಗಿ ಹಾಕ್ತಾರಂತೆ. ಯಾರೋ ಕಂಪ್ಲೇಂಟ್ ಕೊಟ್ಟವ್ರೆ" ಅಂದರು. ನಾನು ತಿರುಗಿ ನೋಡದೆ ಉಪ್ಪಿಟ್ಟು ಕೆದಕುತ್ತಾ ನಿಂತೆ.

ಬೇಲಿ ಕೆಲಸದ ದಿನ ಮಾವ ಬೆಳಿಗ್ಗೆಯಿಂದ ಅಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಹನ್ನೊಂದಕ್ಕೆ ನಾನು ಟೀ ತೆಗೆದುಕೊಂಡು ಹೋದರೆ, ಎದ್ದು ಮೇಸ್ತ್ರಿಯ ಹತ್ತಿರ ಹೋಗುತ್ತಿದ್ದಾರೆ. ಜಗಳ ಆಗುತ್ತೆ ಅಂತ ಹೆದರಿ ಓಡಿದೆ.

"ಮೇಸ್ತ್ರಿ, ನಟ್ಟೆಲ್ಲಾ ರೋಡ್ ಕಡೆ ಹಾಕಿದೀರಲ್ರೀ. ಹಳಿ ಕಡೆ ಇರ್ಬೇಕು. ಈ ಕಡೆ ಬೋಲ್ಟಿನ ದುಂಡು ತಲೆ ಮಾತ್ರ ಇದ್ರೆ ಯಾರ ಕೈಗೂ ಸಿಗಲ್ಲ."

ಮಾವ ಬಲಗಿವಿ ಒಡ್ಡಿದರು. ಮೇಸ್ತ್ರಿ ನಕ್ಕು, ಜೋರಾಗಿ ಹೇಳಿದರು, "ಯಾರ್ ಬಿಚ್ತಾರೆ ಬಿಡಿ ಸಾರ್. ಅದಕ್ಕೆ ಸ್ಪ್ಯಾನರ್ ಬೇಕು."

ಮಾವ ಜೇಬಿನಿಂದ ಸ್ಪ್ಯಾನರ್ ತೆಗೆದು ತೋರಿಸಿದರು.

"ನನ್ನಂಥೋರು ಬಿಚ್ತಾರೆ."

ಅವರು ಸುಮ್ಮನಿದ್ದಿದ್ದರೆ ಸಾಕಿತ್ತು. ನಾಳೆ ಬೆಳಿಗ್ಗೆ ಮತ್ತೆ ಬಿಚ್ಚಿಕೊಂಡು ಹೋಗಬಹುದಿತ್ತು, ನಮಗೆ ಗೊತ್ತೂ ಆಗುತ್ತಿರಲಿಲ್ಲ.

ಮೇಸ್ತ್ರಿಯ ನಗು ನಿಂತಿತು. ಅಷ್ಟೂ ಬೋಲ್ಟ್ ತೆಗೆಸಿ ತಿರುಗಿಸಿ ಹಾಕಿಸಿದರು. ಮಾವ ಒಂದೊಂದನ್ನೂ ಬೆರಳಿಂದ ಮುಟ್ಟಿ ನೋಡಿದರು.

ಮನೆಗೆ ಬರುವಾಗ ದಾರಿಯಲ್ಲಿ ಸ್ಪ್ಯಾನರ್ ನನ್ನ ಕೈಗೆ ಕೊಟ್ಟರು. "ಇನ್ಮೇಲೆ ಇದು ಮನೇಲೇ ಇರ್ಲಿ ಕಣಮ್ಮ."

ನನಗೆ ತಡೆಯಲಾಗಲಿಲ್ಲ. ಬಲಗಿವಿಯ ಹತ್ತಿರ ಹೋಗಿ, "ಮಾವ, ಕಂಪ್ಲೇಂಟ್ ಕೊಟ್ಟಿದ್ದು ನಾನು" ಅಂದೆ.

"ಗೊತ್ತು. ಅವತ್ತು ಉಪ್ಪಿಟ್ಟು ತಳ ಹಿಡಿದಿತ್ತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಆಯಿತು.

ಸ್ವಲ್ಪ ದೂರ ನಡೆದ ಮೇಲೆ ಅವರೇ ಅಂದರು, "ನಾನ್ ಬಿಚ್ಚಿದ ದಾರೀಲಿ ಇನ್ನೊಬ್ರು ಹೋದ್ರೆ? ಹಳಿ ಕಾದೋನು ನಾನು... ಅದನ್ನ ಯೋಚ್ನೆನೇ ಮಾಡಿರ್ಲಿಲ್ಲ ನೋಡು."

ಈಗ ದಿನಾ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹಾಲಿಗೆ ಹೋಗುತ್ತೇವೆ. ನಾನು ಅವರ ಬಲಕ್ಕೆ. ಬೇಲಿಯ ಈಚೆ ನಿಂತು ರೈಲಿಗೆ ಕಾಯುತ್ತೇವೆ. ದೂರದಲ್ಲಿ ಕಂಡ ಕೂಡಲೇ ನಾನು "ಬಂತು ಮಾವ" ಅಂತ ಕೂಗುತ್ತೇನೆ, ಅವರು ಹಸಿರು ಬಾವುಟ ಹಿಡಿದವರ ಹಾಗೆ ಬರಿಗೈ ಚಾಚುತ್ತಾರೆ.

ಒಮ್ಮೊಮ್ಮೆ ಡ್ರೈವರ್ ಹಾರ್ನ್ ಹೊಡೆಯುತ್ತಾರೆ. ಅದು ಮಾತ್ರ ಅವರಿಗೆ ಚೆನ್ನಾಗಿ ಕೇಳಿಸುತ್ತದೆ.

ನಿಮ್ಮ ಮನೆಯ ಹಿರಿಯರಿಗೆ ಯಾವುದಾದರೂ ದಾರಿ ಮುಚ್ಚಿದ್ದೀರಾ? ಆಮೇಲೆ ಅವರ ಜೊತೆ ಎಷ್ಟು ದೂರ ನಡೆದಿರಿ?