ಗುಂಡನಿಗೆ ಹಳೇ ಪೇಪರ್

ಹೊಸಹಳ್ಳಿಯಲ್ಲಿ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ಒಂಟಿ. ವಿಭೂತಿ ಹಚ್ಚಿಕೊಂಡ ಬೆರಳನ್ನೇ ತಮ್ಮ ಪುಟ್ಟ ನಾಯಿ ಗುಂಡನ ಹಣೆಗೂ ಒರೆಸುತ್ತಿದ್ದರು. ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು, “ಗುಂಡ ಇವತ್ತೂ ಮನೆಯೊಳಗೇ ಉಚ್ಚೆ ಮಾಡ್ಬಿಟ್ಟ ಕಣಮ್ಮ. ಹಾಸೋಕೆ ಹಳೇ ಪೇಪರ್ ಇದ್ಯಾ?” ಎನ್ನುತ್ತಿದ್ದರು. ಪೇಪರ್ ಕೈಗೆ ಬಂದ ಮೇಲೂ ಅರ್ಧ ಗಂಟೆ ಹೊಸ್ತಿಲಾಚೆ ನಿಂತು ಮಾತಾಡುತ್ತಿದ್ದರು.

ಒಮ್ಮೆ ಅವರಿಗೆ ಜ್ವರವೆಂದು ತಿಳಿದು ಗಂಜಿ ಒಯ್ದೆ. ಅವರು ಬಾಗಿಲು ತೆಗೆದ ಕೂಡಲೇ ಗುಂಡ ಓಡಿ ಇಳಿದು, ಬೀದಿಯ ಕಂಬದ ಬುಡದಲ್ಲಿ ಕಾಲೆತ್ತಿ, ತಾನೇ ವಾಪಸು ಬಂದ. ಮಂಚದ ಕೆಳಗೆ ನಾನು ಕೊಟ್ಟ ಪೇಪರ್‌ಗಳೆಲ್ಲ ಮಡಿಕೆ ಬಿಚ್ಚದೆ ಪೇರಿಸಿದ್ದವು. ಮೇಷ್ಟ್ರು ಗೋಡೆಯತ್ತ ತಿರುಗಿದರು.

ವಾರವಾದ ಮೇಲೆ ಬಂದವರು ಬಾಗಿಲಲ್ಲಿ ನಿಂತರು. ಹಳೇ ಪೇಪರ್ ತಂದು ನಾನೇ ಕೇಳಿದೆ: “ಇವತ್ತೂ ಒಳಗೇ ಮಾಡಿದ್ನಾ ಮೇಷ್ಟ್ರೇ?”

“ಹೂಂ ಕಣಮ್ಮ,” ಎಂದು ಪೇಪರ್‌ಗೆ ಕೈ ಚಾಚಿದರು.